ಕಬ್ಬಿಣದ ಕೆಳಗೊಂದು ಕೌದಿ

ಯುದ್ಧದ ಚಿತ್ರ ನೋಡುವಾಗ ನಾವು ಕತ್ತಿ ನೋಡ್ತೀವಿ, ಗುರಾಣಿ ನೋಡ್ತೀವಿ, ಹೆಚ್ಚೆಂದರೆ ಕುದುರೆ ನೋಡ್ತೀವಿ. ಯೋಧ ಕಾಲಿಗೆ ಏನು ಹಾಕಿಕೊಂಡಿದ್ದಾನೆ ಅಂತ ನೋಡುವವರು ಕಡಿಮೆ. ನಾನು ಈಗ ಅದೊಂದನ್ನೇ ನೋಡ್ತೀನಿ. ಸಿನಿಮಾದಲ್ಲಿ ರಾಜ ಒಂದೇ ನೆಗೆತಕ್ಕೆ ಕುದುರೆ ಏರಿದರೆ ಥಿಯೇಟರ್ ತುಂಬಾ ಶಿಳ್ಳೆ. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಈ ಪುಣ್ಯಾತ್ಮನ ಆಸನದ ಹೊಲಿಗೆ ಹೆಂಗ ಹರೀಲಿಲ್ಲ?

ಈ ಚಟ ಹತ್ತಿಸಿದ್ದು ನನ್ನ ತಮ್ಮ. ಅವನು ಪೋಲೆಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಾರದಲ್ಲಿ ಐದು ದಿನ ಕೋಡ್ ಬರೀತಾನೆ, ಶನಿವಾರ ಹೋಗಿ ಕಬ್ಬಿಣ ತೊಟ್ಟು ಹೊಡೆದಾಡ್ತಾನೆ. ಆ ಆಟದ ಹೆಸರು ಬುಹುರ್ಟ್. ಮಧ್ಯಯುಗದ ಯುರೋಪಿನ ಮಾದರಿಯ ಉಕ್ಕಿನ ಕವಚ ತೊಟ್ಟು, ಅಲಗು ಮೊಂಡು ಮಾಡಿದ ಆಯುಧ ಹಿಡಿದು ಆಡುವ ಆಟ. ನಾಟಕದ ಕತ್ತಿವರಸೆ ಅಲ್ಲ, ಏಟು ಖರೇನೇ ಬೀಳ್ತಾವ. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ‘ಬ್ಯಾಟಲ್ ಆಫ್ ದಿ ನೇಶನ್ಸ್’ ಅನ್ನುವ ಪಂದ್ಯಾವಳಿ ಶುರುವಾದ ಮೇಲೆ ಒಂದೊಂದೇ ದೇಶದ ತಂಡಗಳು ಇದಕ್ಕೆ ಸೇರಿಕೊಂಡವು. ಈ ಕಡೆ ಐದು ಮಂದಿ, ಆ ಕಡೆ ಐದು ಮಂದಿ. ಪಾದ ಎರಡು ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಔಟ್. ಬೀಳಲೇಬೇಕಂತಿಲ್ಲ, ಒಂದು ಮೊಣಕಾಲು ಊರಿದರೂ ಮುಗೀತು. ಕುಸ್ತಿಗೆ ಒಂಚೂರು ಕಬಡ್ಡಿ ಬೆರೆಸಿ, ಮೇಲೆ ಮೂವತ್ತು ಕಿಲೋ ಕಬ್ಬಿಣ ಹೇರಿದಂಗೆ ಅಂದುಕೊಳ್ಳಿ.

ನಮ್ಮವ್ವನ ಪ್ರಶ್ನೆ ಇನ್ನೂ ಸರಳ: “ಅಷ್ಟು ರೊಕ್ಕಾ ಕೊಟ್ಟು ಹೊಡಿಸ್ಕೊಳ್ಳೂದು ಯಾಕ?”

ಹೋದ ಬೇಸಿಗೆಯಲ್ಲಿ ಐದು ವಾರದ ರಜೆ ಹಾಕಿ ನವನಗರಕ್ಕೆ ಬಂದಾಗ ಅವನ ಎರಡೂ ತೊಡೆಯ ಒಳಭಾಗ ಸುಲಿದಿತ್ತು. ಬಲ ಮೊಣಕಾಲಿನ ಮೇಲೆ ಕೀವಾದ ಗಾಯ ಇತ್ತು. ಇವೆರಡೂ ಏಟು ಬಿದ್ದು ಆದದ್ದಲ್ಲ, ಬಟ್ಟೆ ಉಜ್ಜಿ ಉಜ್ಜಿ ಆದದ್ದು. ಡಾಕ್ಟರು ಗುಳಿಗೆ ಬರೆದು, ಚರ್ಮ ಪೂರ್ತಿ ಮಾಯುವವರೆಗೆ ಆ ಉಡುಪು ಮುಟ್ಟಬ್ಯಾಡ್ರಿ ಅಂದರು. ಅವ್ವ ಅದನ್ನ ‘ಇನ್ನ ಮ್ಯಾಲೆ ಎಂದೂ ಮುಟ್ಟಬ್ಯಾಡ’ ಅಂತ ತಿದ್ದಿ ಮನೆಮಂದಿಗೆಲ್ಲ ಹೇಳಿದಳು. ಅವನ ತಂಡದಲ್ಲಿ ಆಯ್ಕೆಗೆ ಎರಡೂವರೆ ತಿಂಗಳು ಉಳಿದಿತ್ತು. ಕಳೆದ ಋತುವಿನಲ್ಲಿ ಅವನು ಔಟ್ ಆದದ್ದರಲ್ಲಿ ಹೆಚ್ಚಿನವು ಎದುರಾಳಿ ಕೆಡವಿದ್ದರಿಂದ ಅಲ್ಲವಂತೆ. “ಅಕ್ಕಾ, ಹಿಂದ ಹೆಜ್ಜಿ ಇಡಬೇಕಂದ್ರ ಕಾಲು ಮ್ಯಾಲೆ ಏಳವಲ್ದು. ಯಾರೋ ಪ್ಯಾಂಟ್ ಹಿಡದು ಜಗ್ಗಿದಂಗ ಆಗ್ತದ” ಅಂದ.

ವಾರಾಂತ್ಯದಲ್ಲಿ ನಾನು ಹವ್ಯಾಸಿ ನಾಟಕ ತಂಡಗಳಿಗೆ ಬಟ್ಟೆ ಹೊಲಿದು ಕೊಡ್ತೀನಿ. ಕಿತ್ತೂರಿನ ಸಿಪಾಯಿಗಳ ಆಸನ ಹರಿಯೋದು ನನಗೆ ಹೊಸದಲ್ಲ. ಹಾಗಾಗಿ ಅವನ ಸೂಟ್‌ಕೇಸಿನಿಂದ ಆ ಕಾಲಂಗಿ ತಗದು ಮಷೀನಿನ ಪಕ್ಕ ಇಟ್ಟುಕೊಂಡೆ.

ಅದಕ್ಕೆ ಅಲ್ಲಿ ಹೋಸ್ ಅಂತಾರೆ. ನೋಡಿದರೆ ನಮ್ಮ ಲೆಗ್ಗಿಂಗ್ಸ್ ಥರಾನೇ. ಆದರೆ ಲೆಗ್ಗಿಂಗ್ಸ್ ಹೆಣಿಗೆಯ ಬಟ್ಟೆ, ಜಗ್ಗಿದರೆ ಹಿಗ್ಗುತ್ತದೆ. 14–15ನೇ ಶತಮಾನದ ಯುರೋಪಿನಲ್ಲಿ ಹೋಸ್ ಮಾಡುತ್ತಿದ್ದದ್ದು ಮಗ್ಗದಲ್ಲಿ ನೇಯ್ದ ಉಣ್ಣೆ ಬಟ್ಟೆಯಿಂದ. ನೇಯ್ದ ಬಟ್ಟೆ ಹಿಗ್ಗಬೇಕಾದರೆ ಇರುವುದು ಒಂದೇ ಉಪಾಯ, ಕ್ರಾಸ್ ಕತ್ತರಿಸುವುದು. ಕರ್ಚೀಫಿನ ಎದುರುಬದುರು ಅಂಚು ಹಿಡಿದು ಜಗ್ಗಿ ನೋಡಿ, ಅಲುಗುವುದಿಲ್ಲ. ಮೂಲೆಯಿಂದ ಮೂಲೆಗೆ ಜಗ್ಗಿ, ಹಿಗ್ಗುತ್ತದೆ. ಬ್ಲೌಸಿನ ಕೊರಳಿಗೆ ಕ್ರಾಸ್ ಪೀಸ್ ಇಡುವ ಪ್ರತಿ ಟೇಲರಿಗೂ ಇದು ಗೊತ್ತು. ಆಗಿನ ದರ್ಜಿಗಳು ಇಡೀ ಕಾಲನ್ನೇ ಹಂಗ ಕತ್ತರಿಸುತ್ತಿದ್ದರು. ಮೊಣಕಾಲು ಮಡಚಿದಾಗ ಬಟ್ಟೆ ಕೂಡ ಜತೆಗೆ ಹೋಗುತ್ತಿತ್ತು. ಬಟ್ಟೆ ಹೆಚ್ಚು ಹಾಳಾಗುತ್ತಿತ್ತು ಅನ್ನೋದು ಬೇರೆ ಮಾತು.

ತಮ್ಮ ಆನ್‌ಲೈನಿನಲ್ಲಿ ತರಿಸಿದ್ದ ಜೋಡಿಯನ್ನ ಕಿಟಕಿಯ ಬೆಳಕಿಗೆ ಹಿಡಿದೆ. ಎಳೆಗಳು ಸೊಂಟದಿಂದ ಹಿಮ್ಮಡಿಗೆ ಗೆರೆ ಹೊಡೆದಂಗೆ ನೆಟ್ಟಗೆ ಇಳಿದಿದ್ದವು. ಬಟ್ಟೆ ಉಳಿಸೋದಕ್ಕೆ ನೇರ ಕತ್ತರಿಸಿ, ಚೆಂದ ಕಾಣಲಿ ಅಂತ ಕಾಲಿಗೆ ಅಂಟುವಂತೆ ಹೊಲಿದಿದ್ದರು. ಅದು ಕನ್ನಡಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋರಿಗೆ ಸರಿ.

ಎರಡನೇ ತೊಂದರೆ ಕಟ್ಟೋದರದ್ದು. ಹೋಸ್‌ಗೆ ಇಲಾಸ್ಟಿಕ್ ಇಲ್ಲ, ಲಾಡಿ ಇಲ್ಲ. ಮೇಲಂಚಿನ ತೂತುಗಳಿಗೆ ದಾರ ಪೋಣಿಸಿ, ಮೇಲೆ ತೊಟ್ಟ ಬಿಗಿ ಅಂಗಿಗೆ ಸುತ್ತಲೂ ಕಟ್ಟಬೇಕು. ನಿಂತಾಗ ಚೆಂದ. ಬಗ್ಗಿದರೆ ಹಿಂದಿನ ದಾರ ಬೆನ್ನನ್ನೇ ಜಗ್ಗುತ್ತದೆ. 15ನೇ ಶತಮಾನದ ಯುರೋಪಿನ ಚಿತ್ರಗಳಲ್ಲಿ ಹೊಲ ಕೊಯ್ಯುವವರನ್ನ, ಕಲ್ಲು ಹೊರುವವರನ್ನ ಗಮನಿಸಿ. ಎಷ್ಟೋ ಮಂದಿ ಹಿಂದಿನ ದಾರ ಬಿಚ್ಚಿ, ಒಳಂಗಿ ಹೊರಗೆ ಬಿಟ್ಟುಕೊಂಡೇ ಕೆಲಸ ಮಾಡ್ತಿರ್ತಾರೆ. ದುಡಿಯುವ ಮನುಷ್ಯ ಎಲ್ಲ ಕಾಲದಲ್ಲೂ ಬಟ್ಟೆಯ ಜತೆ ಹಿಂಗೇ ರಾಜಿ ಮಾಡಿಕೊಂಡಿದ್ದಾನೆ.

ಮೂರನೆಯದು ಭಾರ. ತೊಡೆ, ಮೊಣಕಾಲು, ಕಣಕಾಲಿನ ಕವಚ ಸೇರಿ ತಮ್ಮನ ಒಂದೊಂದು ಕಾಲಿಗೆ ನಾಲ್ಕು ಕಿಲೋ. ಅದನ್ನ ಅವನು ಬರೀ ಪಟ್ಟಿಯಿಂದ ತೊಡೆಗೆ ಬಿಗಿದುಕೊಳ್ತಿದ್ದ. ಓಡಿದಂತೆ ಅದು ಕೆಳಗೆ ಜಾರಿ, ಮೊಣಕಾಲ ಚಿಪ್ಪಿನ ಮೇಲೆ ಕೂತು ಉಜ್ಜುತ್ತಿತ್ತು. ಕೀವಾದ ಗಾಯದ ಮೂಲ ಅದು.

ಆಶ್ಚರ್ಯ ಅಂದರೆ ಈ ತಕರಾರು ಐನೂರು ವರ್ಷ ಹಳೇದು. ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ 15ನೇ ಶತಮಾನದ ಇಂಗ್ಲೆಂಡಿನ ಒಂದು ಹಸ್ತಪ್ರತಿ ಇದೆ. ಕಾಲಾಳಾಗಿ ಕಾದುವ ಮನುಷ್ಯ ಆರಾಮವಾಗಿ ಇರುವಂತೆ ಕವಚ ತೊಡಿಸುವುದು ಹೇಗೆ ಅನ್ನೋದೇ ಅದರ ಒಂದು ಭಾಗದ ವಿಷಯ. ಅಂಗಿ ಬೇಡ, ಗಾಳಿ ಆಡೋದಕ್ಕೆ ತೂತು ಬಿಟ್ಟ ಅಸ್ತರಿನ ಮೇಲಂಗಿ ಇರಲಿ, ಕಾಲಿಗೆ ತೆಳು ಉಣ್ಣೆಯ ಹೋಸ್ ಇರಲಿ ಅಂತ ಶುರುವಾಗಿ, ಕಾಲಿನ ಕವಚ ಉಜ್ಜದ ಹಾಗೆ ಮೊಣಕಾಲಿಗೆ ತೆಳುವಾದ ಕಂಬಳಿ ತುಂಡು ಸುತ್ತಬೇಕು ಅನ್ನುವವರೆಗೆ ವಿವರ ಇದೆ. ಕಬ್ಬಿಣದ ಮಾತು ಆಮೇಲೆ. ಅದೂ ಪಾದದಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ.

ಇದನ್ನ ತಮ್ಮನಿಗೆ ಓದಿ ಹೇಳಿದೆ. “ಕಂಬಳೀನಾ?” ಅಂದ. ಹೌದು, ಕಂಬಳೀನೇ.

ನಮ್ಮ ಕಡೆಯ ಕಾಲುಗಳು

ಹಂಗಾದರೆ ನಮ್ಮ ಕಡೆ ಕಾದಾಡಿದವರು ಏನು ಉಡುತ್ತಿದ್ದರು? ಇದನ್ನ ತಿಳಿಯೋದಕ್ಕೆ ಧಾರವಾಡದ ಮಂದಿ ದೂರ ಹೋಗಬೇಕಿಲ್ಲ. ಈ ಸೀಮೆಯಲ್ಲಿ ಹಳೇ ಗುಡಿ ಇದ್ದಲ್ಲಿ ಒಂದಾದರೂ ವೀರಗಲ್ಲು ಸಿಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲೂ ನೋಡಬಹುದು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಕೆಳಗಿನ ಪಟ್ಟಿಕೆಯಲ್ಲೇ ನಿಲ್ಲಿ. ವೀರನ ಸೊಂಟದಲ್ಲಿ ಬಿಗಿದ ಬಟ್ಟೆ ತೊಡೆ ಮುಗಿಯುವ ಮೊದಲೇ ಮುಗಿದಿರುತ್ತದೆ. ಕೆಳಗೆ ಬರಿಗಾಲು.

ಆ ಕಟ್ಟಿಗೆ ಕನ್ನಡದಲ್ಲಿ ಎಷ್ಟು ಹೆಸರು! ಕಚ್ಚೆ, ಕಾಸೆ, ಗಂಡುಗಚ್ಚೆ, ವೀರಗಚ್ಚೆ. ವೀರಭದ್ರನ ಕುಣಿತಕ್ಕೆ ವೀರಗಾಸೆ ಅಂತೀವಲ್ಲ, ಅದರ ಹೆಸರಿನಲ್ಲೇ ಉಡುಪಿದೆ: ವೀರರು ಕಟ್ಟುವ ಕಾಸೆ. ಯಾವುದಕ್ಕಾದರೂ ಸಿದ್ಧನಾದವನನ್ನ ‘ಕಚ್ಚೆ ಕಟ್ಟಿ ನಿಂತ’, ‘ಟೊಂಕ ಕಟ್ಟಿ ನಿಂತ’ ಅಂತ ಈಗಲೂ ಹೇಳ್ತೀವಿ. ಪ್ಯಾಂಟ್ ಹಾಕಿ ನಿಂತ ಅಂತ ಯಾರೂ ಹೇಳಿದ್ದನ್ನ ನಾ ಕೇಳಿಲ್ಲ. (ಕಚ್ಚೆ ಸೇರಿದ ಬೈಗುಳವೂ ಒಂದಿದೆ, ಮನೆಮಂದಿ ಓದುವ ಪತ್ರಿಕೆ, ಇಲ್ಲಿ ಬೇಡ.)

ದರ್ಜಿಯ ಕಣ್ಣಿನಿಂದ ನೋಡಿದರೆ ಕಚ್ಚೆಯ ಗುಟ್ಟು ಏನು ಗೊತ್ತಾ? ಎರಡು ಕಾಲು ಕೂಡುವ ಜಾಗದಲ್ಲಿ ಹೊಲಿಗೆಯೇ ಇಲ್ಲ. ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆ ಬಂದು ಕೂಡುವ, ಮೊದಲು ಹರಿಯುವ, ಮೊದಲು ಚರ್ಮ ಸುಲಿಯುವ ಜಾಗ ಅದು. ಕಚ್ಚೆಯಲ್ಲಿ ಅಲ್ಲಿ ಬರೀ ಬಟ್ಟೆಯ ನಿರಿಗೆ. ಕಾಲು ಅಗಲಿಸಿದರೆ ಒಂದು ನಿರಿಗೆ ಇನ್ನೊಂದರ ಮೇಲೆ ಸರಿದು ಜಾಗ ಕೊಡುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಇಲಕಲ್ ಸೀರೆಗೆ ಕಚ್ಚೆ ಹಾಕುತ್ತಿದ್ದದ್ದೂ ಇದಕ್ಕೇ. ಚಿತ್ರಗಳಲ್ಲಿ ಕುದುರೆ ಏರಿದ ಕಿತ್ತೂರು ಚೆನ್ನಮ್ಮನಿಗೆ ಕಚ್ಚೆ ಸೀರೆ ಉಡಿಸುವ ಕಲಾವಿದರಿಗೂ ಇದು ಗೊತ್ತು.

ಬರೀ ಕಚ್ಚೆ ಅಷ್ಟೇ ಅಲ್ಲ, ಹೊಲಿದ ಉಡುಪೂ ಇತ್ತು. 1853ರಲ್ಲಿ ಭಾರತಕ್ಕೆ ಬಂದು ಈ ಸೀಮೆಯಲ್ಲೂ ಕೆಲಸ ಮಾಡಿದ ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ‘ಚಲ್ಲಣ’ ಅನ್ನುವ ಪದ ಸಿಗುತ್ತದೆ. ಗಿಡ್ಡ ಇಜಾರು, ಚಡ್ಡಿ ಅಂತ ಅರ್ಥ. ಇಜಾರು ಅರಬ್ಬೀ ಮೂಲದ ಪದ, ಪಾಯಜಾಮ ಪಾರಸಿ. ‘ಪಾಯ್’ ಅಂದರೆ ಕಾಲು, ‘ಜಾಮ’ ಅಂದರೆ ಉಡುಪು. ಕುದುರೆ ಸವಾರರು ಹೆಚ್ಚಿದಂತೆ ಇಂಥ ಉಡುಪೂ ಹೆಚ್ಚಿರಬೇಕು ಅನ್ನೋದು ನನ್ನ ಲೆಕ್ಕ. ಜೀನಿನ ಮೇಲೆ ಬರಿ ತೊಡೆ ದಿನವಿಡೀ ತಾಳೋದಿಲ್ಲ.

ಕವಚಕ್ಕೂ ನಮ್ಮಲ್ಲಿ ಪದಗಳಿದ್ದವು. ಹುಬ್ಬಳ್ಳಿ ಹತ್ತಿರದ ಕೋಳಿವಾಡದ ಕುಮಾರವ್ಯಾಸ ಭಾರತದ ಯುದ್ಧ ಹೇಳುವಾಗ ಜೋಡು, ಸೀಸಕ ಅನ್ನುತ್ತಾನೆ. ಜೋಡು ಅಂದರೆ ಮೈಗೆ ತೊಡುವ ಕವಚ, ಸೀಸಕ ಅಂದರೆ ತಲೆಗೆ ಇಡುವುದು. ಈಗ ಕೆಲವು ಕಡೆ ಜೋಡು ಅಂದರೆ ಚಪ್ಪಲಿ. ಎದೆಯಿಂದ ಪಾದಕ್ಕೆ ಇಳಿದ ಪದ!

ಆದರೆ ನನ್ನ ಕೆಲಸಕ್ಕೆ ನಿಜವಾಗಿ ದಾರಿ ತೋರಿಸಿದ್ದು ವಿಜಯನಗರ. 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಮಹಾನವಮಿ ಹೊತ್ತಿನ ಸೈನ್ಯ ಪ್ರದರ್ಶನವನ್ನ ಕಣ್ಣಾರೆ ನೋಡಿ ಬರೆದಿದ್ದಾನೆ. ರಾಬರ್ಟ್ ಸೂಯೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಎಲ್ಲರಿಗೂ ಗೊತ್ತಾಯಿತು. ಪಾಯೆಸ್ ಕಂಡದ್ದು ಯುರೋಪಿನಂಥ ಪೂರ್ತಿ ಉಕ್ಕಿನ ತಗಡಿನ ಮನುಷ್ಯರನ್ನ ಅಲ್ಲ. ಪದರ ಪದರ ಹೊಲಿದ ಅಂಗಿಗಳನ್ನ. ಕೆಲವಕ್ಕೆ ಗಟ್ಟಿ ತೊಗಲಿನ ಪದರ, ಕೆಲವಕ್ಕೆ ನಡುವೆ ಕಬ್ಬಿಣದ ಫಲಕ, ಮೇಲೆ ರೇಷ್ಮೆ, ಮಖಮಲ್ಲು. ಎರಡೂವರೆ ಶತಮಾನದ ಮೇಲೆ ಟಿಪ್ಪುವಿನ ಕಾಲದಲ್ಲೂ ಇದೇ ಜಾತಿಯ ಹತ್ತಿಯ ದಪ್ಪ ಕವಚ, ಶಿರಸ್ತ್ರಾಣ ಇದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟನ್ನಿಗೆ ಹೋದವು. ಉಕ್ಕಿನ ಸಣ್ಣ ಬಳೆಗಳನ್ನ ಕೊಂಡಿ ಹಾಕಿ ಮಾಡಿದ ಪಾಯಜಾಮವೂ ಭಾರತದಲ್ಲಿ ಇತ್ತು. ಅದನ್ನ ಬರಿ ಮೈಮೇಲೆ ಯಾರಾದರೂ ಹಾಕಿಕೊಳ್ಳೋದುಂಟೇ? ಕೆಳಗೆ ಬಟ್ಟೆ ಬೇಕೇ ಬೇಕು.

ಪದರ ಪದರ ಬಟ್ಟೆ ಇಟ್ಟು ಕೈಯಿಂದ ಹೊಲಿಯೋದು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಬೇರೆ ಹೆಸರೇ ಇದೆಯಲ್ಲ.

ಕೌದಿ ಕಾಕು

ನಮ್ಮ ಹಿಂದಿನ ಗಲ್ಲಿಯಲ್ಲಿ ಕೌದಿ ಹೊಲಿದು ಕೊಡುವ ಕಾಕು ಇದ್ದಾರೆ. ಬಾಣಂತಿ ಮನೆಗಳಿಗೆ ಸಣ್ಣ ಕೌದಿ, ಹಾಸ್ಟೆಲ್ಲಿಗೆ ಹೋಗೋ ಹುಡುಗರಿಗೆ ದೊಡ್ಡ ಕೌದಿ. ತಮ್ಮನ ಮೊಣಕಾಲು ನೋಡಿ “ಅಯ್ಯ ಶಿವನ, ಇದೇನೋ ಇದು ಮಾರಾಯಾ” ಅಂದರು. ಮೊಬೈಲಿನಲ್ಲಿ ಅವನ ಆಟದ ವಿಡಿಯೋ ತೋರಿಸಿದೆ. ಎರಡು ನಿಮಿಷ ಸುಮ್ಮನೆ ನೋಡಿ, “ಇಷ್ಟ ಕಬ್ಬಣದ ಕೆಳಗ ಏನೂ ಹಾಸಿಲ್ಲೇನು?” ಅಂದರು. ನಾನು ಮೂರು ದಿನ ಓದಿ ತಿಳಿದುಕೊಂಡದ್ದನ್ನ ಅವರು ಎರಡು ನಿಮಿಷದಲ್ಲಿ ಕೇಳಿಬಿಟ್ಟರು.

ತಮ್ಮ ದುರ್ಗದಬೈಲಿಗೆ ಹೋಗಿ ಐದು ಮೀಟರ್ ಒಳ್ಳೆ ಹೊಸ ಕಾಟನ್ ತಂದ. ಕಾಕು ಮುಟ್ಟಿ ನೋಡಿ ಪಕ್ಕಕ್ಕೆ ಇಟ್ಟರು. “ಹೊಸಾ ಬಟ್ಟಿ ಇನ್ನೂ ಸೊಕ್ಕಿನ್ಯಾಗ ಇರ್ತದ. ಮೈಗೆ ಬಗ್ಗೂದಿಲ್ಲ. ನಿಮ್ಮವ್ವನ ಹಳೇ ಸೀರಿ ತಗೊಂಡ ಬಾ, ನೂರು ಸಲ ಒಗದದ್ದು.” ತಮ್ಮ ಒಪ್ಪಲಿಲ್ಲ. ಹಳೇ ಬಟ್ಟೆ ಒಂದೇ ಏಟಿಗೆ ಹರಿದು ಹೋಗ್ತದೆ, ಹೊಸದರಲ್ಲೇ ಮಾಡೋಣ ಅಂತ ಹಟ. ಮಾಡಿದೆವು. ಹನ್ನೆರಡು ಪದರದ ಹೊಸ ಬಟ್ಟೆಯ ಮೊಣಕಾಲು ಪಟ್ಟಿ ರಟ್ಟಿನ ಹಾಗೆ ಎದ್ದು ನಿಂತಿತು. ಅವನು ಒಮ್ಮೆ ಕುಕ್ಕರಗಾಲಲ್ಲಿ ಕೂತು ಎದ್ದ, ಬಿಚ್ಚಿ ಕಾಕುವಿನ ಕೈಗೆ ಕೊಟ್ಟ. ಕಾಕು ಏನೂ ಅನ್ನಲಿಲ್ಲ. ಅವ್ವ ಟ್ರಂಕಿನಿಂದ ಮೂರು ಹಳೇ ಸೀರೆ ತೆಗೆದುಕೊಟ್ಟಳು. (ಎಂದೂ ಮುಟ್ಟಬ್ಯಾಡ ಅಂದವಳೇ ಇವಳು.)

ಹಳೇ ಬಟ್ಟೆಯ ಬಗ್ಗೆ ಕಾಕು ಹೇಳಿದ ಮಾತನ್ನ ಒಬ್ಬ ರಾಜನೂ ಹೇಳಿದ್ದಾನೆ. 15ನೇ ಶತಮಾನದ ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿ ತನ್ನ ಸೈನಿಕರ ಬಟ್ಟೆಯ ಕವಚಕ್ಕೆ ಹೊರಡಿಸಿದ ಆಜ್ಞೆಯಲ್ಲಿ 25 ಅಥವಾ 30 ಪದರ ಬಟ್ಟೆ, ಜತೆಗೊಂದು ಜಿಂಕೆ ಚರ್ಮ ಇರಬೇಕು ಅಂತಿದೆ. ಬಟ್ಟೆ ಎಂಥದ್ದು? ಬಳಸಿ ಬಳಸಿ ಮೆತ್ತಗಾದದ್ದೇ ಇದಕ್ಕೆ ಉತ್ತಮ ಅಂತ. ಮೆತ್ತಗಾದ ಎಳೆಗಳು ಒಂದರ ಮೇಲೊಂದು ಸರಿಯುತ್ತವೆ, ಮೈಗೆ ಹೊಂದಿಕೊಳ್ಳುತ್ತವೆ. ಗಟ್ಟಿತನ ಬರೋದು ಒಂದು ಪದರದಿಂದಲ್ಲ, ಅಷ್ಟೂ ಪದರವನ್ನ ಹಿಡಿದಿಟ್ಟ ಹೊಲಿಗೆಯಿಂದ. ನಮ್ಮ ಕೌದಿಯೂ ಅದೇ ಲೆಕ್ಕ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮೂಲೆಯಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರ್ತಾರೆ, ಮೂಲೆಗೆ ‘ಫೂಲ’ ಅಂತ ತ್ರಿಕೋನದ ಮಡಿಕೆ ಇಡ್ತಾರೆ. ನಮ್ಮ ಕಾಕುವಿನದು ಉದ್ದುದ್ದ ಸಾಲು.

ಆ ಸಾಲಿನ ದಿಕ್ಕಿನಲ್ಲೇ ಇಡೀ ಕೆಲಸದ ಸೂಕ್ಷ್ಮ ಇತ್ತು. ದಪ್ಪ ಬಟ್ಟೆ ಮಡಚುವುದು ಹೊಲಿಗೆಯ ಗೆರೆಯ ಮೇಲೆ. ಹೊಲಿಗೆ ಬಿದ್ದಲ್ಲಿ ತೆಳು, ನಡುವೆ ಉಬ್ಬು. ತೊಡೆಯ ಮೇಲೆ ಸಾಲುಗಳು ಮೇಲಿಂದ ಕೆಳಗೆ ಇಳಿದರೆ ಕಾಲನ್ನ ಸುತ್ತಿಕೊಳ್ಳುತ್ತದೆ. ಮೊಣಕಾಲಿನ ಮುಂದೆ ಸಾಲು ಅಡ್ಡ ಬರಬೇಕು, ಕಾಲುಬೆರಳು ಅಗಲದಷ್ಟು ಹತ್ತಿರ ಹತ್ತಿರ. ಆಗ ಮೊಣಕಾಲು ಮಡಚಿದರೆ ಅದು ಶಟರಿನ ಹಾಗೆ ಗೆರೆ ಗೆರೆಯಾಗಿ ಬಗ್ಗುತ್ತದೆ. ಮೊಣಕಾಲಿನ ಹಿಂದೆ ಪದರವೇ ಬೇಡ, ಖಾಲಿ ಬಿಡಬೇಕು. ಅಲ್ಲಿ ಹೊಡೆಯೋದಕ್ಕೆ ಬುಹುರ್ಟ್‌ನಲ್ಲಿ ಅನುಮತಿ ಇಲ್ಲ, ದಪ್ಪ ಬಟ್ಟೆ ತುರುಕಿದರೆ ಕಾಲು ಪೂರ್ತಿ ಮಡಚೋದೂ ಇಲ್ಲ. ಎಂಟು, ಹನ್ನೆರಡು, ಹದಿನಾರು ಪದರದ ಮೂರು ತುಂಡು ಮಾಡಿ ನೋಡಿದೆವು. ಮೊಣಕಾಲಿಗೆ ಎಂಟು, ತೊಡೆಯ ಮುಂಭಾಗಕ್ಕೆ ಹನ್ನೆರಡು ಸಾಕಾಯಿತು. ಹದಿನಾರರ ತುಂಡನ್ನ ಕಾಕುವಿನ ಮೊಮ್ಮಗ ಕ್ರಿಕೆಟ್ ಪ್ಯಾಡ್ ಮಾಡಿಕೊಂಡ.

ಮಿಯಾನಿ, ಕಾಜಾ, ಸೊಂಟಪಟ್ಟಿ

ಕೊನೆಗೆ ತಯಾರಾದದ್ದು ಮೂರು ಪದರದ ವ್ಯವಸ್ಥೆ. ಮನೆಯಲ್ಲಿ ನಾಟಕಕ್ಕೋ, ಕತ್ತಿವರಸೆಗೋ ಇಂಥದ್ದು ಹೊಲಿಯುವವರು ಇದ್ದರೆ ಅನುಕೂಲ ಆಗಲಿ ಅಂತ ಬರೀತಿದ್ದೀನಿ.

ಚರ್ಮಕ್ಕೆ ತಾಗುವ ಒಳಪದರ ಚಲ್ಲಣ. ಹಳೇ ಪಂಚೆಯ ಬಟ್ಟೆ, ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ಉದ್ದ. ಎರಡು ಕಾಲು ಕೂಡುವಲ್ಲಿ ಅಂಗೈ ಅಗಲದ ಚೌಕದ ಮಿಯಾನಿ. ಪಾಯಜಾಮ ಹೊಲಿಯುವ ಹಳೇ ಟೇಲರುಗಳು ಈಗಲೂ ಇಡುವ ತುಂಡು ಅದು. ಅದನ್ನ ಇಟ್ಟರೆ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಚೌಕದ ನಾಲ್ಕು ಮೂಲೆಗೆ ಹಂಚಿಹೋಗುತ್ತವೆ. ಕಚ್ಚೆ ನಿರಿಗೆಯಿಂದ ಮಾಡುವ ಕೆಲಸವನ್ನ ಮಿಯಾನಿ ಒಂದು ತುಂಡಿನಿಂದ ಮಾಡುತ್ತದೆ. ಹೊಲಿಗೆಯ ಅಂಚುಗಳನ್ನೆಲ್ಲ ಹೊರಮುಖವಾಗಿ ತಿರುಗಿಸಿ ಮಡಚಿ ಹೊಲಿದೆ. ನೋಡೋರಿಗೆ ಉಲ್ಟಾ ಹಾಕಿಕೊಂಡಂಗೆ ಕಾಣುತ್ತದೆ, ಕಾಣಲಿ. ಇದರ ಒಳಗೆ ಲಂಗೋಟಿ. ಗರಡಿಮನೆಯ ವಸ್ತಾದರೊಬ್ಬರು ಅದಿಲ್ಲದೆ ಮಾತೇ ಆಡಬ್ಯಾಡ್ರಿ ಅಂದರು.

ನಡುವೆ ಹೋಸ್. ಇಲ್ಲಿ ರಾಜಿ ಇಲ್ಲ, ಹೊಸದಾಗಿ ತೆಳು ಉಣ್ಣೆ ಬಟ್ಟೆ ತಂದು ಪೂರ್ತಿ ಕ್ರಾಸ್ ಕತ್ತರಿಸಿದೆ. ಅಳತೆಯನ್ನ ನಿಲ್ಲಿಸಿ ತೆಗೆಯಲಿಲ್ಲ. ಕುರ್ಚಿ ಮೇಲೆ ಕೂರಿಸಿ, ಮೊಣಕಾಲು ಮಡಚಿಸಿ, ಸೊಂಟದ ಹಿಂದಿನಿಂದ ಮೊಣಕಾಲ ಚಿಪ್ಪಿನ ತನಕ ಟೇಪ್ ಹಿಡಿದೆ. ನಿಂತ ಅಳತೆಗೂ ಇದಕ್ಕೂ ನಾಲ್ಕೂವರೆ ಇಂಚು ಫರಕು ಬಂತು! ತಮ್ಮ ಔಟ್ ಆಗ್ತಿದ್ದದ್ದು ಆ ನಾಲ್ಕೂವರೆ ಇಂಚಿನಿಂದ. ಹಿಂದಿನ ಎರಡು ಕಾಜಾಗಳ ದಾರವನ್ನ ಹೊಲದ ಆಳುಗಳ ಹಾಗೆ ಬಿಚ್ಚೇ ಬಿಡೋ ಬದಲು, ಗಂಟಿನಿಂದ ಮೂರು ಬೆರಳು ಸಡಿಲ ಬಿಟ್ಟೆವು.

ಅದರ ಮೇಲೆ ಕೌದಿಯ ಪಟ್ಟಿ. ಹಸ್ತಪ್ರತಿಯ ಮಾತಿಗೆ ಗೌರವ ಕೊಟ್ಟು, ಮೊಣಕಾಲಿನ ಹೊರಮುಖಕ್ಕೆ ಹಾಲುಮತದವರು ನೇಯ್ದ ಕಂಬಳಿಯ ಒಂದು ಪದರ ಹಾಕಿದೆ. ಕಂಬಳಿ ಒರಟು, ಚರ್ಮಕ್ಕೆ ತಾಗಬಾರದು. ಕಬ್ಬಿಣಕ್ಕೆ ಮಾತ್ರ ಸರಿಜೋಡಿ, ಜಾರಗೊಡುವುದಿಲ್ಲ.

ಇನ್ನು ಭಾರ. ಬೆಂಗೇರಿಯ ದಪ್ಪ ಖಾದಿಯನ್ನ (ಹೌದು, ರಾಷ್ಟ್ರಧ್ವಜ ತಯಾರಾಗುವ ಅದೇ ಬೆಂಗೇರಿ) ಆರು ಪದರ ಮಾಡಿ ಗೇಣಗಲದ ಸೊಂಟಪಟ್ಟಿ ಹೊಲಿದೆವು. ಸೊಂಟದ ಎಲುಬಿನ ಮೇಲೆ ಕೂರುವಂತೆ ಬಿಗಿದು, ಅದರ ಮುಂದಿನ ಕಾಜಾಗಳಿಂದ ತೊಡೆಯ ಕವಚವನ್ನ ತೂಗು ಹಾಕೋದು. ತೊಡೆಗೆ ಬಿಗಿಯುವ ಪಟ್ಟಿ ಈಗ ಅಲುಗದಂತೆ ಹಿಡಿಯೋದಕ್ಕಷ್ಟೇ, ಹೊರೋದು ಸೊಂಟ. ಶಾಲೆಯ ಬ್ಯಾಗು ಹೊತ್ತವರಿಗೂ, ಕೊಡ ಹೊತ್ತವರಿಗೂ ಇದನ್ನ ವಿವರಿಸಬೇಕಿಲ್ಲ. ಕಟ್ಟುವಾಗ ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೇ ಕಟ್ಟಬೇಕು, ಇಲ್ಲದಿದ್ದರೆ ಮೊದಲ ಹೆಜ್ಜೆಗೇ ದಾರ ಜಗ್ಗುತ್ತದೆ.

ಅವನ ಕವಚ ಪೋಲೆಂಡಿನಲ್ಲಿತ್ತು. ಹಾಗಾಗಿ ಜಿಮ್ಮಿನವರು ಕಾಲಿಗೆ ಕಟ್ಟುವ ಮರಳಿನ ತೂಕದ ಪಟ್ಟಿಗಳನ್ನ, ಒಂದು ಕಾಲಿಗೆ ನಾಲ್ಕು ಕಿಲೋ ಆಗುವಂತೆ, ಸೊಂಟಪಟ್ಟಿಗೆ ತೂಗುಹಾಕಿ ಮಾಳಿಗೆ ಮೇಲೆ ಪರೀಕ್ಷೆ. ಚರ್ಮ ಮಾಯ್ದು ಡಾಕ್ಟರು ಹೂಂ ಅಂದ ಮೇಲೆ ಶುರು ಮಾಡಿದ್ದು. ಐವತ್ತು ಬೈಠಕ್, ನೆಲದಿಂದ ಕೈ ಊರದೆ ಹತ್ತು ಸಲ ಏಳೋದು, ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಾ ಮಾಳಿಗೆಯ ಆ ತುದಿಗೆ. ಆಮೇಲೆ ನೃಪತುಂಗ ಬೆಟ್ಟ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಹೋಸ್ ಹಿಂಡಿದರೆ ನೀರು. ಬರುವಾಗ ಚಿಗರಿ ಬಸ್ಸಿನಲ್ಲಿ ಒಬ್ಬ ಹಿರಿಯರು ಅವನ ಕಾಲು ನೋಡಿ, “ಆಪರೇಶನ್ ಆಗೇತೇನ್ರಿ?” ಅಂತ ಕೇಳಿ ಜಾಗ ಬಿಟ್ಟುಕೊಟ್ಟರು. ಇವ ಸುಮ್ಮನೆ ಕೂತ!

ಮನೆಗೆ ಬಂದು ಬಿಚ್ಚಿದಾಗ ತೊಡೆಯಲ್ಲಿ ಕೆಂಪು ಇರಲಿಲ್ಲ. ಮೊಣಕಾಲಿನಲ್ಲಿ ಕೌದಿಯ ಹೊಲಿಗೆಯ ಅಡ್ಡ ಗೆರೆಗಳು ಮೂಡಿದ್ದವು, ದಿಂಬಿನ ಗುರುತು ಕೆನ್ನೆ ಮೇಲೆ ಮೂಡುತ್ತದಲ್ಲ, ಹಂಗೆ. ಅರ್ಧ ಗಂಟೆಯಲ್ಲಿ ಹೋದವು. ಅವ್ವ ಬೆರಳಿನಿಂದ ಮುಟ್ಟಿ ನೋಡಿ ಅಡಿಗೆಮನೆಗೆ ಹೋದಳು. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ಆಯ್ಕೆ ಆಗಿ ಈಗ ಎರಡು ತಿಂಗಳು. ತಮ್ಮ ಮುಖ್ಯ ಐವರಲ್ಲಿ ಇಲ್ಲ, ಬದಲಿ ಆಟಗಾರರಲ್ಲಿ ಇದ್ದಾನೆ. ಮೂರು ಶನಿವಾರ ಆಡಿದ ಮೇಲೆ ಫೋನಿನಲ್ಲಿ ಹೇಳಿದ್ದು: ಎರಡು ಸಲ ಔಟ್, ಎರಡೂ ಸಲ ಎದುರಿನವನು ಎತ್ತಿ ಒಗದದ್ದು. ತನ್ನ ಬಟ್ಟೆ ತನ್ನನ್ನ ಕೆಡವಿಲ್ಲ ಅನ್ನೋದೇ ಅವನಿಗೆ ದೊಡ್ಡ ಖುಷಿ. ಚರ್ಮ ಆರಾಮ. ಒಂದೇ ತಕರಾರು, ಕೌದಿ ಪಟ್ಟಿ ಬೆವರು ಕುಡಿದು ಭಾರ ಆಗ್ತದೆ, ಅಲ್ಲಿಯ ಚಳಿಗೆ ಒಣಗೋದಕ್ಕೆ ಎರಡು ದಿನ ಬೇಕು. ಅದಕ್ಕೆ ಎರಡನೇ ಜೊತೆ ಬೇಕಂತೆ. ಅವನ ತಂಡದ ಇಬ್ಬರಿಗೆ ಒಂದೊಂದು ಜೊತೆ, ಅದರಲ್ಲಿ ಒಬ್ಬಾಕೆ ಆರು ಅಡಿ ಎತ್ತರ. ಅಳತೆ ಕಳಿಸಿದ್ದಾರೆ, ಕೂತು ತೆಗೆದ ಅಳತೆ.

ಕಾಕು ಒಂದು ಜೊತೆಗೆ ಎರಡು ಸಾವಿರ ಕೇಳಿದರು, ನಾನು ನಾಲ್ಕು ಹೇಳಿಸಿದೀನಿ. ಈಗಿನ ತೊಂದರೆ ಬೇರೆ. ನೂರು ಸಲ ಒಗೆದ ಹತ್ತಿ ಸೀರೆ ಎಲ್ಲಿ ಸಿಗಬೇಕು? ಓಣಿಯಲ್ಲಿ ಕೇಳಿದರೆ ಎಲ್ಲರ ಟ್ರಂಕಿನಲ್ಲೂ ಸಿಂಥೆಟಿಕ್, ಅದನ್ನ ಮಾತ್ರ ಮೈಗೆ ಹಚ್ಚಬ್ಯಾಡ್ರಿ ಅಂತ ಕಾಕು ಖಡಕ್ ಆಗಿ ಹೇಳಿದ್ದಾರೆ. ಬೆವರು ಹೀರೋದಿಲ್ಲ, ಪದರ ಒಂದರ ಮೇಲೊಂದು ಜಾರಿ ಹೊಲಿಗೆ ನಿಲ್ಲೋದಿಲ್ಲ. ಸದ್ಯಕ್ಕೆ ಅಜ್ಜಿಯ ಎರಡು ಸೀರೆ ಇವೆ. ಒಂದನ್ನ ಕೊಡ್ತೀನಿ ಅಂದಿದ್ದಾಳೆ, ಇನ್ನೊಂದು ಅವಳ ಮದುವೆಯ ಮರುವರ್ಷದ್ದಂತೆ, ಅದರ ಮಾತು ಎತ್ತಬ್ಯಾಡ ಅಂದಳು.